ಆರುನೂರ ಹದಿಮೂರನೆಯವಳು

"…ಆರುನೂರ ಹತ್ತು, ಆರುನೂರ ಹನ್ನೊಂದು, ಆರುನೂರ ಹನ್ನೆರಡು!"

ಫೆಲೇತಿ ಮೇಷ್ಟ್ರು ಕೊನೆಯ ಹುಡುಗನ ಭುಜ ಹಿಡಿದು ಚುಕ್ಕಿಯ ಮೇಲೆ ಕೂರಿಸಿ, "ಮುಗೀತಪ್ಪಾ" ಎಂದು ಬೆವರು ಒರೆಸಿಕೊಂಡರು.

ಚುಕ್ಕಿಗಳೇನೋ ಮುಗಿದಿದ್ದವು. ಮಕ್ಕಳು ಮುಗಿದಿರಲಿಲ್ಲ. ಬಯಲಿನ ಅಂಚಿನಲ್ಲಿ ಪಿಸಿಲಾ ಇನ್ನೂ ನಿಂತೇ ಇದ್ದಳು.

"ನೀನ್ಯಾಕಮ್ಮ ಕಂಬದ ಹಾಗೆ ನಿಂತಿದ್ದೀಯ? ಕೂತ್ಕೋ."

"ಎಲ್ಲಿ ಕೂತ್ಕೊಳ್ಲಿ ಮೇಷ್ಟ್ರೇ? ಚುಕ್ಕಿ ಇಲ್ಲ."

ಮೇಷ್ಟ್ರು ತಿರುಗಿ ನೋಡಿದರು. ಶಾಲೆಯ ಬಯಲಿನ ಹುಲ್ಲಿನ ಮೇಲೆ ಅವರು ಬೆಳಗಿನಿಂದ ಬೆನ್ನು ಬಗ್ಗಿಸಿ ಸುಣ್ಣದ ಚುಕ್ಕಿ ಇಟ್ಟಿದ್ದರು. ಹದಿನೆಂಟು ಸಾಲು, ಸಾಲಿಗೆ ಮೂವತ್ತನಾಲ್ಕು ಚುಕ್ಕಿ. ಎಲ್ಲ ಚುಕ್ಕಿಯ ಮೇಲೂ ಒಂದೊಂದು ಮಗು ಕಾಲು ಮಡಿಸಿ ಕೂತಿತ್ತು.

"ಹಾಜರಿಯಲ್ಲಿ ಆರುನೂರ ಹನ್ನೆರಡು ಅಂತಲೇ ಇತ್ತಲ್ಲ! ನೀನು ಎಲ್ಲಿಂದ ಉದುರ್ದೆ?"

"ನಿಯುವಾ ದ್ವೀಪದಿಂದ, ಮೇಷ್ಟ್ರೇ. ಹಡಗಲ್ಲಿ ಬಂದ್ವಿ. ಮೊನ್ನೆ."

ಆರುನೂರ ಹನ್ನೆರಡು ಮಕ್ಕಳೂ ಒಟ್ಟಿಗೆ ನಕ್ಕರು. ಒಂದು ದೊಡ್ಡ ಅಲೆ ದಡಕ್ಕೆ ಬಡಿದ ಹಾಗೆ ಕೇಳಿಸಿತು.

ಶಾಲೆಗೆ ನೂರು ವರ್ಷ ತುಂಬಿತ್ತು. ಮುಂದಿನ ತಿಂಗಳು ದೊಡ್ಡ ಹಬ್ಬ. ಟೋಂಗಾ ದ್ವೀಪದೇಶದ ದೊರೆಗಳು ಬಂದು ಚಪ್ಪರದ ಕೆಳಗೆ ಕೂರುತ್ತಾರೆ. ಅವರ ಮುಂದೆ ಇಡೀ ಶಾಲೆ ಕೂತಲ್ಲೇ ಕೈಗಳಲ್ಲಿ ಕುಣಿಯಬೇಕು, ಒಂದನೇ ಕ್ಲಾಸಿನ ಪುಟಾಣಿಗಳಿಂದ ಹಿಡಿದು ಆರನೇ ಕ್ಲಾಸಿನ ದಡಿಯರವರೆಗೆ. ಹಾಡು ಕಟ್ಟಿದವರು ಫೆಲೇತಿ ಮೇಷ್ಟ್ರು. ಕೈಯ ಪಟ್ಟುಗಳನ್ನು ಜೋಡಿಸಿದವರೂ ಅವರೇ. ಕುಣಿತದ ವಿಷಯದಲ್ಲಿ ಅವರ ಮಾತಿಗೆ ಊರಿನಲ್ಲಿ ಯಾರೂ ಎದುರು ಆಡುತ್ತಿರಲಿಲ್ಲ.

ಮೇಷ್ಟ್ರು ಪಿಸಿಲಾಳನ್ನು ಕೊನೆಯ ಸಾಲಿನ ತುದಿಯಲ್ಲಿ ಕೂರಿಸಿ ನೋಡಿದರು. ದೂರ ಹೋಗಿ ನೋಡಿದರು. ತಲೆ ಅಲ್ಲಾಡಿಸಿದರು.

"ಇಷ್ಟು ಚೆಂದದ ಸಾಲಿಗೆ ಒಂದು ಬಾಲ ಬಂದ ಹಾಗಾಯ್ತು. ದೊರೆಗಳ ಮುಂದೆ ಬಾಲ ಬಿಟ್ಕೊಂಡು ಕೂರಕ್ಕಾಗತ್ತಾ? ಬೇಜಾರು ಮಾಡ್ಕೋಬೇಡ ಮಗಳೇ. ಪಟ್ಟು ಎಲ್ಲಾ ಕಲ್ತುಕೋ. ಯಾರಾದ್ರೂ ಬರ್ದೇ ಹೋದ್ರೆ ಅವರ ಜಾಗ ನಿಂದು. ಅಲ್ಲಿವರ್ಗೂ ಆ ಬೆಂಚಲ್ಲಿ ಕೂತು ನೋಡ್ತಿರು."

ಪಿಸಿಲಾ ಬೆಂಚಿನ ಕಡೆ ನಡೆದಳು. ಮೂರನೆಯ ಸಾಲಿನಿಂದ ಅವಳದೇ ಕ್ಲಾಸಿನ ಕಲಾಫಿ ಕೂಗಿದ: "ಏ ಆರ್ನೂರ ಹದ್ಮೂರು! ಹೋಗ್ತಾ ಹೋಗ್ತಾ ನೀರು ತಂದ್ಕೊಡೇ!"

ಮತ್ತೆ ಅಲೆ ಬಡಿಯಿತು. ಪಿಸಿಲಾಳ ಕಿವಿ ಬಿಸಿಯಾಯಿತು. ನಿಯುವಾದ ಶಾಲೆಯಲ್ಲಿ ಇದ್ದದ್ದೇ ಮೂವತ್ತು ಚಿಲ್ಲರೆ ಮಕ್ಕಳು. ಅಲ್ಲಿ ಕುಣಿತ ಅಂದರೆ ಎಲ್ಲರೂ ಕುಣಿಯುವುದು ಎಂದೇ ಅರ್ಥ. ಟೀಚರಮ್ಮನ ಕೂಸೂ ಮಡಿಲಲ್ಲೇ ಕೈ ಆಡಿಸುತ್ತಿತ್ತು. ಜಾಗ ಸಾಲದೆ ಹೋಗುವುದು ಅಂದರೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸಂಜೆ ಮನೆಯಲ್ಲಿ ಅಜ್ಜಿ ಕೇದಿಗೆ ಎಲೆಯ ಸೀಳುಗಳನ್ನು ಹರಡಿಕೊಂಡು ಕೂತಿದ್ದಳು. ಕುಣಿತದ ದಿನ ಸೊಂಟಕ್ಕೆ ಸುತ್ತಿಕೊಳ್ಳುವ ಪುಟ್ಟ ಚಾಪೆ ಹೆಣೆಯುತ್ತಿದ್ದಳು.

"ಯಾವ ಸಾಲು ಕೊಟ್ರು ನಿಂಗೆ? ಮುಂದಿನ ಸಾಲಾದ್ರೆ ಅಂಚು ಇನ್ನೂ ಸಣ್ಣಗೆ ಹೆಣೀಬೇಕು ಕಣೇ. ದೊರೆಗಳ ಕಣ್ಣು ಸೂಕ್ಷ್ಮ."

"ಇನ್ನೂ ಹೇಳಿಲ್ಲ ಅಜ್ಜಿ."

"ಹೇಳ್ತಾರೆ, ಹೇಳ್ತಾರೆ. ನಿನ್ನ ಕೈ ನೋಡಿದ್ರೆ ಮುಂದಕ್ಕೇ ಕರೀತಾರೆ."

ಊಟಕ್ಕೆ ಮುಂಚೆ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಅಜ್ಜಿ 'ಆಮೆನ್' ಅಂದ ಮೇಲೂ ಪಿಸಿಲಾ ಕಣ್ಣು ತೆರೆಯಲಿಲ್ಲ. 'ದೇವರೇ, ಆರುನೂರ ಹನ್ನೆರಡು ಜನ ಇದ್ದಾರೆ. ಅದರಲ್ಲಿ ಒಬ್ಬರಿಗೆ ಜ್ವರ ಕೊಡು. ದೊಡ್ಡದು ಬೇಡ, ಸಣ್ಣದು. ಹಬ್ಬ ಮುಗಿದ ಮಾರನೇ ದಿನ ವಾಪಸ್ ತಗೋ.'

ಮರುದಿನ ಅವಳಿಗೆ ಇನ್ನೊಂದು ಉಪಾಯ ಹೊಳೆಯಿತು. ಹದಿನೆಂಟು ಸಾಲೇ ಯಾಕಿರಬೇಕು? ಬೇರೆ ಥರ ಕೂತರೆ ತಾನೂ ಹಿಡಿಸಬಹುದಲ್ಲ! ಲೆಕ್ಕದ ಪೀರಿಯಡ್ ಮುಗಿಯುವುದನ್ನೇ ಕಾದಿದ್ದು ಲಾತು ಮಿಸ್ ಹತ್ತಿರ ಹೋದಳು.

"ಮಿಸ್, ಆರ್ನೂರ ಹದ್ಮೂರು ಜನಾನ ಸರಿಸಮ ಸಾಲಲ್ಲಿ ಕೂರಿಸ್ಬೇಕಾದ್ರೆ ಎಷ್ಟು ಸಾಲು ಮಾಡ್ಬೇಕು?"

ಲಾತು ಮಿಸ್ ಕಣ್ಣರಳಿಸಿದರು. "ಒಳ್ಳೆ ಪ್ರಶ್ನೆ. ನೀನೇ ಕಂಡುಹಿಡಿ. ಎರಡು ಸಾಲಾಗತ್ತಾ?"

"ಒಬ್ರು ಮಿಗ್ತಾರೆ."

"ಮೂರು?"

"ಆಗ್ಲೂ ಒಬ್ರು."

"ಎರಡರಲ್ಲಿ ಆಗದೇ ಇದ್ದದ್ದು ನಾಲ್ಕರಲ್ಲೂ ಆಗಲ್ಲ, ಆರರಲ್ಲೂ ಆಗಲ್ಲ. ಅವೆಲ್ಲಾ ಬಿಟ್ಬಿಡು. ಐದು, ಏಳು, ಹನ್ನೊಂದು, ಹದ್ಮೂರು… ಹೀಗೆ ನೋಡ್ಕೊಂಡು ಹೋಗು."

ಪಿಸಿಲಾ ಊಟದ ಬಿಡುವಿನಲ್ಲಿ ಕೂತು ಭಾಗಿಸಿದಳು. ಐದರಲ್ಲಿ ಮೂವರು ಮಿಕ್ಕರು. ಏಳರಲ್ಲಿ ನಾಲ್ವರು. ಹನ್ನೊಂದರಲ್ಲಿ ಎಂಟು. ಹದಿಮೂರಕ್ಕೆ ಬಂದಾಗ ಆಸೆ ಚಿಗುರಿತು, ಆದರೆ ಇಬ್ಬರು ಉಳಿದರು. ಹದಿನೇಳಕ್ಕೆ ಮತ್ತೆ ಆ ಹಾಳು ಒಬ್ಬರೇ. ಪ್ರತಿ ಸಲ ಕೊನೆಯಲ್ಲಿ ಒಂದು ಉಳಿದಾಗಲೂ ಅದು ತಾನೇ ಅನ್ನಿಸುತ್ತಿತ್ತು. ಹತ್ತೊಂಬತ್ತೂ ಆಗಲಿಲ್ಲ, ಇಪ್ಪತ್ತಮೂರೂ ಆಗಲಿಲ್ಲ.

"ಇನ್ನೂ ಎಷ್ಟರವರೆಗೆ ಮಾಡ್ಬೇಕು ಮಿಸ್? ಆರ್ನೂರರವರೆಗೂನಾ?"

"ಇಪ್ಪತ್ತಮೂರಾಯ್ತಲ್ಲ, ಸಾಕು. ಇಪ್ಪತ್ತೈದು ಇಪ್ಪತ್ತೈದಲ ಎಷ್ಟು?"

"ಆರ್ನೂರ ಇಪ್ಪತ್ತೈದು."

"ನಮ್ಮ ಸಂಖ್ಯೆನ ದಾಟೋಯ್ತು, ನೋಡು. ಸಾಲೂ ಇಪ್ಪತ್ತೈದು, ಸಾಲಲ್ಲಿರೋ ಜನಾನೂ ಇಪ್ಪತ್ತೈದು ಆದ್ರೆ ನಾವಷ್ಟು ಜನ ಇಲ್ಲ. ಅಂದ್ರೆ ಎರಡರಲ್ಲಿ ಒಂದು ಇಪ್ಪತ್ತೈದಕ್ಕಿಂತ ಚಿಕ್ಕದಿರಲೇಬೇಕು. ಚಿಕ್ಕವನ್ನೆಲ್ಲಾ ನೀನು ಆಗ್ಲೇ ಜಾಲಾಡಿಬಿಟ್ಟೆ. ಒಂದೂ ಸಿಗ್ಲಿಲ್ಲ. ಆರ್ನೂರ ಹದ್ಮೂರು ಪ್ರೈಮ್ ನಂಬರ್ ಕಣೇ! ಅವಿಭಾಜ್ಯ. ಯಾರ ಕೈಗೂ ಸಿಕ್ಕಿ ತುಂಡಾಗಲ್ಲ."

ಲಾತು ಮಿಸ್‌ಗೆ ಖುಷಿಯಾಗಿತ್ತು. ಪಿಸಿಲಾಳ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಾಯಿತು.

"ಆರ್ನೂರ ಹನ್ನೆರಡು ಎಷ್ಟು ಸಾಧು ಇತ್ತು ಮಿಸ್. ಎರಡಕ್ಕೂ ಬಗ್ಗತ್ತೆ, ಮೂರಕ್ಕೂ ಬಗ್ಗತ್ತೆ, ಹದಿನೇಳಕ್ಕೂ ಬಗ್ಗತ್ತೆ. ನಾನು ಬಂದು ಕೆಡಿಸ್ಬಿಟ್ಟೆ."

ಅಷ್ಟರಲ್ಲಿ ಬೆಲ್ ಹೊಡೆಯಿತು.

ಎರಡು ದಿನ ಕಳೆದಿರಬೇಕು. ಅಮ್ಮ ಆಸ್ಪತ್ರೆಯಿಂದ ಬಂದು ನರ್ಸ್ ಟೋಪಿ ತೆಗೆದಿಡುತ್ತಾ, "ಪಿಸಿಲಾ, ನಿಮ್ಮ ಕ್ಲಾಸಿನ ಹುಡುಗ ಒಬ್ಬ ಬಂದಿದ್ದ. ಕಲಾಫಿ ಅಂತೆ. ಹವಳದ ಬಂಡೆ ಮೇಲೆ ಬರಿಗಾಲಲ್ಲಿ ಓಡಿ ಅಂಗಾಲು ಸೀಳ್ಕೊಂಡಿದ್ದಾನೆ" ಎಂದಳು. "ಹೊಲಿಗೆ ಹಾಕುವಾಗ ಒಂದು ಹನಿ ಕಣ್ಣೀರಿಲ್ಲ. ಸದ್ಯಕ್ಕೆ ಡ್ಯಾನ್ಸ್ ಪ್ರಾಕ್ಟೀಸಿಗೆ ಕೂರಕ್ಕಾಗಲ್ಲ ಕಣೋ ಅಂದ ತಕ್ಷಣ ಗೊಳೋ ಅಂತ ಅತ್ತ, ಪಾಪ."

ಪಿಸಿಲಾಳ ಕೈಯಲ್ಲಿದ್ದ ಗೆಣಸು ತಟ್ಟೆಗೆ ಬಿತ್ತು. 'ದೇವರೇ, ನಾನು ಕೇಳಿದ್ದು ಜ್ವರ' ಅಂದುಕೊಂಡಳು. ರಾತ್ರಿಯೆಲ್ಲ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮೇಷ್ಟ್ರು, "ನಿಯುವಾದವಳು ಬಾರಮ್ಮ, ಮೂರನೇ ಸಾಲು" ಎಂದು ಕರೆದರು. ಪಿಸಿಲಾ ಕಲಾಫಿಯ ಚುಕ್ಕಿಯ ಮೇಲೆ ಕೂತಳು. ನಗಾರಿ ಬಡಿಯಿತು. ಕೈಗಳು ತಾವಾಗಿಯೇ ಮೇಲೆದ್ದವು. ಅಲೆಯಾಗಿ ಹೊರಳಿದವು, ಹಕ್ಕಿಯಾಗಿ ತಿರುಗಿದವು, ತೊಡೆಯ ಮೇಲೆ ಮೆಲ್ಲಗೆ ಇಳಿದವು.

"ಆ ಹುಡುಗಿ ಕೈ ನೋಡ್ರೋ!" ಎಂದು ಮೇಷ್ಟ್ರು ಕೂಗಿದರು. "ಎಲ್ರೂ ನೋಡ್ರೋ! ಮಣಿಕಟ್ಟು ಅಂದ್ರೆ ಹಾಗೆ ತಿರುಗ್ಬೇಕು!"

ಅವಳಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಅದು ಅರ್ಧ ಹಾಡಿನವರೆಗೂ ಇತ್ತು. ಆಮೇಲೆ ಬೆಂಚಿನ ಕಡೆ ಕಣ್ಣು ಹೋಯಿತು. ಕಲಾಫಿ ಅಲ್ಲಿ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದ. ತೊಡೆಯ ಮೇಲೆ ಅವನ ಬೆರಳುಗಳು ಹಾಡಿಗೆ ತಕ್ಕಂತೆ ಸಣ್ಣಗೆ ಆಡುತ್ತಿದ್ದವು.

"ಏ ಆರ್ನೂರ ಹದ್ಮೂರು!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಪಿಸಿಲಾ ಅಭ್ಯಾಸಬಲದಿಂದ ತಿರುಗಿದಳು. ಆದರೆ ಕೂಗಿದ್ದು ಅವಳನ್ನಲ್ಲ, ಕಲಾಫಿಯನ್ನು. "ನೀರು ತಂದ್ಕೊಡೋ!"

ಎಲ್ಲರೂ ನಕ್ಕರು. ಪಿಸಿಲಾಗೆ ನಗು ಬರಲಿಲ್ಲ. ಇದೇನು ವಿಚಿತ್ರ, ಅಂದುಕೊಂಡಳು. ನಿನ್ನೆ ಆರುನೂರ ಹದಿಮೂರು ನಾನಾಗಿದ್ದೆ. ಇವತ್ತು ಅವನು. ಸಂಖ್ಯೆ ಅಷ್ಟೇ ಇದೆ. ನಾಳೆ ಇನ್ನು ಯಾರ ಸರದಿಯೋ.

ಬಿಡುವಿನಲ್ಲಿ ಅವಳು ನೀರಿನ ಬಾಟಲಿ ಹಿಡಿದು ಬೆಂಚಿನ ಹತ್ತಿರ ಹೋದಳು.

"ಅಣಕಿಸಕ್ಕೆ ಬಂದ್ಯಾ?" ಎಂದ ಕಲಾಫಿ.

"ಕುಡೀತೀಯೋ, ತಲೆ ಮೇಲೆ ಸುರೀಲೋ?"

ಅವನು ಬಾಟಲಿ ಕಿತ್ತುಕೊಂಡು ಗಟಗಟ ಕುಡಿದ. "ಇನ್ನು ಹತ್ತು ದಿನಕ್ಕೆ ಹೊಲಿಗೆ ಬಿಚ್ತಾರಂತೆ. ಹಬ್ಬಕ್ಕೆ ಕಾಲು ಮಡಚಬಹುದಂತೆ. ನಿಮ್ಮಮ್ಮನೇ ಹೇಳಿದ್ರು" ಅಂದ. ಆಮೇಲೆ ಹುಲ್ಲು ನೋಡುತ್ತಾ ಕೇಳಿದ: "ಆವಾಗ ನನ್ನ ಜಾಗ ಕೊಡ್ತೀಯಾ?"

"ನಿಂದೇ ತಾನೆ ಜಾಗ. ಕೊಡ್ತೀನಿ." ಹೇಳುವಾಗ ಪಿಸಿಲಾಳ ಕಣ್ಣು ಮೂರನೇ ಸಾಲಿನ ಚುಕ್ಕಿಯ ಕಡೆಗೇ ಹೋಯಿತು. ಕಲಾಫಿಗೆ ಅದು ಗೊತ್ತಾಗಿರಬೇಕು. ಅವನು ಮಾತು ಬದಲಿಸಿದ.

"ಈ ಬೆಂಚು ಏನೂ ಪ್ರಯೋಜನ ಇಲ್ಲ ಕಣೇ. ಚಪ್ಪರ ಇಲ್ಲೇ ಅಲ್ವಾ ಹಾಕೋದು? ಇಲ್ಲಿಂದ ಮೊದಲನೇ ಸಾಲು ಬಿಟ್ರೆ ಒಂದು ಮುಖಾನೂ ಕಾಣಲ್ಲ. ನನ್ನ ತಂಗಿ ಆಲೀಸಿ ನಾಲ್ಕನೇ ಸಾಲಲ್ಲಿದ್ದಾಳೆ. ಹುಡುಕಿ ಹುಡುಕಿ ಸಾಕಾಯ್ತು. ಅವಳ ಮುಂದೆ ಆ ದಡಿಯ ಕೂತಿದ್ದಾನಲ್ಲ! ಒಂದ್ಸಲ ಪಕ್ಕಕ್ಕೆ ವಾಲಿ, ಎರಡು ತಲೆ ಮಧ್ಯದ ಸಂದಿಂದ ಇಣುಕಿ ನೋಡಿದ್ಲು. ಆಗ ಕಾಣಿಸ್ತು. ಮೇಷ್ಟ್ರು 'ನೆಟ್ಟಗೆ ಕೂರೇ' ಅಂತ ಗದರಿದ್ರು. ಮತ್ತೆ ಮಾಯ."

"ಹೌದು, ನಂಗೂ ಇಲ್ಲಿ ಕೂತಾಗ ಬರೀ ಕೈಗಳೇ ಕಾಣ್ತಿದ್ವು" ಎಂದಳು ಪಿಸಿಲಾ. ಎಂದವಳು ಹಾಗೇ ಬಾಯಿ ತೆರೆದುಕೊಂಡು ನಿಂತುಬಿಟ್ಟಳು.

"ಏನಾಯ್ತೇ? ನೊಣ ಹೋಗತ್ತೆ, ಬಾಯಿ ಮುಚ್ಚು."

"ಎಲ್ಲರನ್ನೂ ಸಂದಿನಲ್ಲೇ ಕೂರಿಸಿಬಿಟ್ರೆ?"

ಅವಳು ಕಡ್ಡಿಯೊಂದನ್ನು ಎತ್ತಿಕೊಂಡು ಬೆಂಚಿನ ಬುಡದ ಮಣ್ಣಿನಲ್ಲಿ ಕೂತಳು. ಮೊದಲು ಒಂದು ಸಾಲು ಚುಕ್ಕಿ ಇಟ್ಟಳು, ಐದು. ಅದರ ಹಿಂದೆ ಎರಡೆರಡು ಚುಕ್ಕಿಯ ನಡುವಿನ ಸಂದಿಗೆ ಒಂದೊಂದು ಚುಕ್ಕಿ, ನಾಲ್ಕು. ಮತ್ತೆ ಐದು, ಮತ್ತೆ ನಾಲ್ಕು. ರಂಗೋಲಿ ಇಡುವ ನಮ್ಮ ಹೆಣ್ಣುಮಕ್ಕಳು ನೋಡಿದ್ದರೆ 'ಓ, ಸಂದುಚುಕ್ಕಿ!' ಅಂದುಬಿಡುತ್ತಿದ್ದರು. ಪಿಸಿಲಾ ರಂಗೋಲಿ ಕಂಡವಳಲ್ಲ. ಅವಳಿಗೆ ಇದು ಹೊಚ್ಚಹೊಸದು.

"ಐದೈದರ ಸಾಲು ಐದು. ಅವುಗಳ ಮಧ್ಯೆ ನಾಲ್ಕ್ನಾಲ್ಕರ ಸಾಲು ನಾಲ್ಕು. ಆಗ ಸುತ್ತಲೂ ಸರಿಯಾಗಿ ಚೌಕ ಬರತ್ತೆ, ನೋಡು. ಬಾಲ ಇಲ್ಲ."

ಕಲಾಫಿ ಬೆಂಚಿನಿಂದ ಜಾರಿ ಕೆಳಗೆ ಬಂದು ತಾನೂ ಒಂದು ಕಡ್ಡಿ ಎತ್ತಿಕೊಂಡ. "ಐದೈದಲ ಇಪ್ಪತ್ತೈದು, ನಾಲ್ಕ್ನಾಲ್ಕಲ ಹದಿನಾರು. ನಲವತ್ತೊಂದು. ನಮ್ಗೆ ಬೇಕಾಗಿರೋದು ಆರ್ನೂರ ಹದ್ಮೂರು ತಾಯಿ!"

"ದೊಡ್ಡದು ಮಾಡೋಣ ಇರು. ಹತ್ತು ಹತ್ತಲ ನೂರು, ಒಂಬತ್ತೊಂಬತ್ತಲ ಎಂಬತ್ತೊಂದು. ನೂರ ಎಂಬತ್ತೊಂದು."

"ಸಾಲದು. ಹದಿನೈದು ಹಾಕು."

ಹದಿನೈದು, ಹದಿನಾಲ್ಕಕ್ಕೆ ನಾನೂರ ಇಪ್ಪತ್ತೊಂದು ಬಂತು. ಹದಿನಾರು, ಹದಿನೈದಕ್ಕೆ ನಾನೂರ ಎಂಬತ್ತೊಂದು. ಹದಿನೇಳು, ಹದಿನಾರಕ್ಕೆ ಐನೂರ ನಲವತ್ತೈದು. ಮುಂದಿನದು ಆರುನೂರನ್ನು ಮುಟ್ಟುತ್ತದೆ, ಅಷ್ಟು ಗೊತ್ತಾಯಿತು. ಆದರೆ ಎಷ್ಟಕ್ಕೆ ನಿಲ್ಲುತ್ತದೋ!

"ಹದಿನೆಂಟು ಹದಿನೆಂಟಲ ಮುನ್ನೂರ ಇಪ್ಪತ್ತನಾಲ್ಕು" ಎಂದ ಕಲಾಫಿ.

"ಹದಿನೇಳು ಹದಿನೇಳಲ ಇನ್ನೂರ ಎಂಬತ್ತೊಂಬತ್ತು. ಕೂಡು."

ಇಬ್ಬರೂ ಮಣ್ಣಿನ ಮೇಲೆ ಬಗ್ಗಿ ಕೂಡಿದರು. ಇಬ್ಬರ ಕಡ್ಡಿಯೂ ಒಂದೇ ಕಡೆ ನಿಂತಿತು.

ಆರುನೂರ ಹದಿಮೂರು.

"ತಪ್ಪಿರ್ಬೇಕು. ಇನ್ನೊಂದ್ಸಲ ಮಾಡು" ಎಂದ ಕಲಾಫಿ. ಇನ್ನೊಂದು ಸಲ ಮಾಡಿದರು. ಅದೇ ಬಂತು. ಒಬ್ಬರೂ ಹೆಚ್ಚಲ್ಲ, ಒಬ್ಬರೂ ಕಡಿಮೆಯಲ್ಲ. ಕಲಾಫಿ ಒಂದೇ ಕಾಲಲ್ಲಿ ಕುಂಟುತ್ತಾ, ಪಿಸಿಲಾ ಅವನ ತೋಳು ಹಿಡಿದುಕೊಂಡು, ಇಬ್ಬರೂ ಲಾತು ಮಿಸ್ ಹತ್ತಿರ ಓಡಿದರು.

ಲಾತು ಮಿಸ್ ಬೋರ್ಡಿನ ಮೇಲೆ ತಾವೂ ಲೆಕ್ಕ ಹಾಕಿ ನೋಡಿದರು. "ಅಬ್ಬಾ! ಎರಡು ಚೌಕ! ಎಲ್ಲಾ ಪ್ರೈಮ್ ನಂಬರೂ ಹೀಗೆ ಎರಡು ಚೌಕ ಆಗಲ್ಲ ಗೊತ್ತಾ? ಆರ್ನೂರ ಏಳು ಕೂಡ ಪ್ರೈಮೇ. ತಲೆಕೆಳಗಾಗಿ ನಿಂತ್ರೂ ಅದನ್ನ ಎರಡು ಚೌಕ ಮಾಡಕ್ಕಾಗಲ್ಲ. ಆರ್ನೂರ ಹದ್ಮೂರಕ್ಕೆ ಆಗತ್ತೆ. ಅದೂ ಒಂದೇ ಒಂದು ರೀತಿ. ಆ ಒಂದು ರೀತಿಗೆ ನೀವು ಕೈ ಹಾಕಿದ್ದೀರ."

"ಮೇಷ್ಟ್ರಿಗೆ ನೀವೇ ಹೇಳಿ ಮಿಸ್" ಎಂದಳು ಪಿಸಿಲಾ.

"ನಾನ್ಯಾಕೆ ಹೇಳ್ಲಿ? ನಿಮ್ಮ ಚುಕ್ಕಿ, ನಿಮ್ಮ ಬಾಯಿ."

ಫೆಲೇತಿ ಮೇಷ್ಟ್ರು ನಗಾರಿಯ ಹಗ್ಗ ಬಿಗಿಯುತ್ತಿದ್ದರು. ದೊಡ್ಡವರಿಗೆ, ಅದರಲ್ಲೂ ಹಾಡು ಕಟ್ಟುವವರಿಗೆ ಮಕ್ಕಳು ಹೀಗೆ ಮಾಡಿ ಎಂದು ಹೇಳುವ ಪದ್ಧತಿ ಟೋಂಗಾದಲ್ಲಿ ಇಲ್ಲ. ಪಿಸಿಲಾ ಹುಲ್ಲಿನ ಮೇಲೆ ಕೂತು, ತಲೆ ಬಗ್ಗಿಸಿ, ನೆಲಕ್ಕೆ ಹೇಳಿದ ಹಾಗೆ ಎಲ್ಲವನ್ನೂ ಹೇಳಿದಳು. ನಡುವೆ ನಿಂತಾಗ ಕಲಾಫಿ ಮುಂದುವರಿಸಿದ.

"ಹಾಗಾದ್ರೆ ನಾನು ಇಟ್ಟ ಚುಕ್ಕಿ ಎಲ್ಲಾ ಅಳಿಸ್ಬೇಕು?" ಮೇಷ್ಟ್ರ ದನಿ ಏರಿತು. "ಈ ಬೆನ್ನು ನೋಡಿದೀರಾ? ಬಗ್ಗಿದ್ರೆ ಏಳಲ್ಲ, ಎದ್ರೆ ಬಗ್ಗಲ್ಲ. ಲೆಕ್ಕದಲ್ಲಿ ಸರಿಹೋಗಿದ್ದು ಕುಣಿತದಲ್ಲಿ ಸರಿಹೋಗಬೇಕು ಅಂತ ಎಲ್ಲಿದೆ?"

"ಸ್ವಲ್ಪ ಜನರನ್ನೇ ಕೂರಿಸಿ ತೋರಿಸ್ತೀವಿ ಮೇಷ್ಟ್ರೇ" ಎಂದಳು ಪಿಸಿಲಾ. "ಇಷ್ಟವಾಗ್ದೇ ಹೋದ್ರೆ ನಾನು ಮತ್ತೆ ಬೆಂಚಿಗೇ ಹೋಗ್ತೀನಿ."

ಬಿಡುವಿನಲ್ಲಿ ಆಡುತ್ತಿದ್ದವರನ್ನು ಕೂಗಿ ಕರೆದರು. ನಲವತ್ತೊಂದು ಮಕ್ಕಳು ಐದು, ನಾಲ್ಕು, ಐದು, ನಾಲ್ಕು ಎಂದು ಸಂದಿಗೊಬ್ಬರಂತೆ ಕೂತರು. ಮೇಷ್ಟ್ರು ಗೊಣಗುತ್ತಾ ಹೋಗಿ ಚಪ್ಪರ ಹಾಕುವ ಜಾಗದಲ್ಲಿ ನಿಂತರು. ಮಕ್ಕಳು ಹಾಡತೊಡಗಿ ಕೈ ಎತ್ತಿದರು.

ಮೇಷ್ಟ್ರು ಗೊಣಗುವುದು ನಿಂತಿತು. ಅಲ್ಲೇ ಹುಲ್ಲಿನ ಮೇಲೆ ಕೂತರು. ದೊರೆಗಳ ಎತ್ತರಕ್ಕೆ ಕಣ್ಣು ಇಳಿಸಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದರು. ಹಾಡು ಮುಗಿದರೂ ನೋಡುತ್ತಲೇ ಇದ್ದರು.

"ಆ ಪುಟಾಣಿ ಯಾರು?" ಎಂದು ಕೊನೆಗೆ ಕೇಳಿದರು. "ನಗ್ತಾ ನಗ್ತಾ ಕುಣೀತಾಳಲ್ಲ, ಹಲ್ಲಿಲ್ದೇ ಇರೋಳು. ಇಷ್ಟು ದಿನ ಎಲ್ಲಿದ್ಲು?"

"ನನ್ನ ತಂಗಿ ಆಲೀಸಿ, ಮೇಷ್ಟ್ರೇ" ಎಂದ ಕಲಾಫಿ. "ಇಲ್ಲೇ ಇದ್ಲು. ನಾಲ್ಕನೇ ಸಾಲಲ್ಲಿ."

ಮೇಷ್ಟ್ರು ಸೊಂಟ ಹಿಡಿದುಕೊಂಡು ಮೆಲ್ಲಗೆ ಎದ್ದರು. "ಸುಣ್ಣದ ಡಬ್ಬ ತಗೊಂಬನ್ರೋ" ಎಂದರು. "ಈ ಸಲ ಬಗ್ಗೋದು ನೀವು. ನಾನು ನಿಂತ್ಕೊಂಡು ಬೈತೀನಿ."

ಅಂದು ಸಂಜೆ ಪಿಸಿಲಾ ಚೀಲವನ್ನು ಕೆಳಗಿಡುವ ಮೊದಲೇ ಕೂಗಿದಳು: "ಅಜ್ಜೀ, ಆರನೇ ಸಾಲು! ನಟ್ಟನಡುವೆ!"

"ಆರನೇದಾ?" ಅಜ್ಜಿ ಮೂಗು ಮುರಿದಳು. "ಅಲ್ಲಿವರೆಗೂ ಯಾರ ಕಣ್ಣು ಬರತ್ತೆ?"

"ಎಲ್ಲರ ಕಣ್ಣೂ ಬರತ್ತೆ ಅಜ್ಜಿ. ಅಂಚು ಸಣ್ಣಗೇ ಹೆಣಿ."

ಹಬ್ಬದ ದಿನ ಬಂತು. ಅಜ್ಜಿ ಪಿಸಿಲಾಳ ತೋಳಿಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ ಫಳಫಳ ಹೊಳೆಯಿಸಿದಳು. ಸೊಂಟಕ್ಕೆ ಚಾಪೆ ಸುತ್ತಿದಳು, ಕೊರಳಿಗೆ ಹೂವಿನ ಹಾರ ಹಾಕಿದಳು. ಅಮ್ಮ ಆಸ್ಪತ್ರೆಯಿಂದ ನೇರ ಬಯಲಿಗೇ ಬರುವವಳಿದ್ದಳು. ಇವರಿಬ್ಬರೂ ಮಾವನ ಪಿಕಪ್ ಹತ್ತಿದರು. ಹಿಂದುಗಡೆ ಔತಣದ ಅಡುಗೆ ತುಂಬಿತ್ತು: ಸುಟ್ಟ ಗೆಣಸು, ಇಡಿ ಹಂದಿ, ತೆಂಗಿನ ಹಾಲು ಹಾಕಿ ಬೇಯಿಸಿದ ಕೆಸುವಿನ ಎಲೆಯ ಗಂಟುಗಳು.

ಮಾವ ಒಂದಿಷ್ಟು ಜೋರಾಗಿ ಹೋದರೆ ಸಾಕು, ಅಜ್ಜಿ ಬಾಗಿಲು ಬಡಿಯುತ್ತಿದ್ದಳು. "ನಿಧಾನ ಕಣೋ! ಆ ಹಾಲೆಲ್ಲಾ ಚೆಲ್ಲಿದ್ರೆ ದೊರೆಗಳಿಗೆ ನಿನ್ನ ತಲೆ ಬಡಿಸ್ಲಾ?"

"ಅಜ್ಜೀ, ತಡ ಆಗ್ತಿದೆ!"

"ಆಗ್ಲಿ ಬಿಡೇ. ಹೊಟ್ಟೆ ತುಂಬ್ದೆ ಯಾವ ದೊರೆ ಕುಣಿತ ನೋಡ್ತಾನೆ?"

ಸಾಲದ್ದಕ್ಕೆ ಅರ್ಧ ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತು. ಮಾವ ಜಾಕ್ ಹಾಕಿ ಎತ್ತುವಾಗಲೂ ಅಜ್ಜಿ, "ವಾಲಿಸ್ಬೇಡ, ವಾಲಿಸ್ಬೇಡ" ಎನ್ನುತ್ತಿದ್ದಳು. ದೂರದಲ್ಲಿ ಚರ್ಚಿನ ಗಂಟೆ ಹೊಡೆಯಿತು. ಕುಣಿತ ಶುರುವಾಗುವ ಹೊತ್ತು ಅದೇ.

ಪಿಸಿಲಾ ಇನ್ನು ತಡೆಯಲಾರದೆ ಓಡಿದಳು. ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ರಸ್ತೆಯ ಅಂಚಿನ ದೀವಿಹಲಸಿನ ಮರಗಳ ನೆರಳಿನಲ್ಲಿ ಓಡಿದಳು. ಓಡುತ್ತಾ ಓಡುತ್ತಾ ಅವಳ ತಲೆ ಲೆಕ್ಕ ಹಾಕುತ್ತಿತ್ತು. ನಾನಿಲ್ಲದಿದ್ದರೆ ಆರುನೂರ ಹನ್ನೆರಡು. ಸಾಧು ಸಂಖ್ಯೆ. ಹದಿನೆಂಟು ಸಾಲು, ಸಾಲಿಗೆ ಮೂವತ್ತನಾಲ್ಕು. ಮೇಷ್ಟ್ರು ಒಂದು ಕೂಗು ಹಾಕಿದರೆ ಎಲ್ಲರೂ ಎದ್ದು ಹಳೆಯ ಹಾಗೇ ಕೂತುಬಿಡುತ್ತಾರೆ. ಒಬ್ಬಳು ಬಂದಿಲ್ಲ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ.

ಶಾಲೆಯ ಗೇಟಿಗೆ ಬಂದಾಗ ನಗಾರಿಯ ಸದ್ದಿಲ್ಲ, ಹಾಡಿಲ್ಲ. ಮುಗಿದೇ ಹೋಯಿತು, ಅಂದುಕೊಂಡಳು. ಅಳು ಉಕ್ಕಿ ಬಂತು. ಗೇಟಿನ ಕಂಬ ಹಿಡಿದು ಬಯಲಿನ ಕಡೆ ನೋಡಿದಳು.

ಬಯಲಿನ ತುಂಬ ಮಕ್ಕಳು ಕೂತಿದ್ದರು. ಎಣ್ಣೆ ಹಚ್ಚಿದ ತೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು, ಒಂದಿಷ್ಟೂ ಅಲ್ಲಾಡದೆ ಕೂತಿದ್ದರು. ಚಪ್ಪರದ ಕೆಳಗೆ ದೊರೆಗಳು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಫೆಲೇತಿ ಮೇಷ್ಟ್ರು ಅವಸರವೇ ಇಲ್ಲದವರ ಹಾಗೆ ನಗಾರಿಯ ಹಗ್ಗವನ್ನು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚುತ್ತಿದ್ದರು. ನಡುನಡುವೆ ಅವರ ಕಣ್ಣು ಗೇಟಿನ ಕಡೆ ಹೋಗುತ್ತಿತ್ತು.

ಮತ್ತು ಆರನೆಯ ಸಾಲಿನಲ್ಲಿ, ಅಷ್ಟೊಂದು ಹೂವಿನ ಹಾರಗಳ ನಟ್ಟನಡುವೆ, ಒಂದು ತುಂಡು ಹಸಿರು ಹುಲ್ಲು ಕಾಣುತ್ತಿತ್ತು. ಗೇಟಿನಿಂದಲೂ ಕಾಣುತ್ತಿತ್ತು. ಆ ಜಾಗಕ್ಕೆ ಯಾರೂ ಸರಿದು ಕೂತಿರಲಿಲ್ಲ.

ಪಿಸಿಲಾ ಅದನ್ನು ನೋಡುತ್ತಾ ನಿಂತಳು. ಅಷ್ಟು ದೊಡ್ಡ ಬಯಲಿನಲ್ಲಿ ಅವಳಷ್ಟೇ ಅಗಲದ ಜಾಗ. ಉಕ್ಕಿ ಬಂದಿದ್ದ ಅಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅವಳು ಸಾಲುಗಳ ನಡುವೆ ಬಗ್ಗಿ ನಡೆದಳು. ಮಕ್ಕಳು ಮೊಣಕಾಲು ಸರಿಸಿ ದಾರಿ ಬಿಟ್ಟರು. ಹಿಂದಿನ ಸಾಲಿನ ಸಂದಿನಿಂದ ಕಲಾಫಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ: "ಎಲ್ಲಿ ಹಾಳಾಗಿ ಹೋಗಿದ್ಯೇ? ನನ್ನ ಕಾಲು ಜೋಮು ಹಿಡೀತು."

"ಹಾಲು ಚೆಲ್ಲತ್ತೆ ಅಂತ ನಿಧಾನ ಬಂದ್ವಿ."

"ಏನು?"

"ಆಮೇಲೆ ಹೇಳ್ತೀನಿ."

ಅವಳು ಕಾಲು ಮಡಿಸಿ ಕೂತಳು. ಮೇಷ್ಟ್ರ ಹಗ್ಗ ಆ ಕ್ಷಣವೇ ಸರಿಹೋಯಿತು. ನಗಾರಿ ಗುಡುಗಿತು, ಆರುನೂರ ಹದಿಮೂರು ಜೊತೆ ಕೈಗಳು ಒಟ್ಟಿಗೆ ಮೇಲೆದ್ದವು.